ಕೋಲಾರಕ್ಕೆ ಒಂದು ಕಾರ್ಮಿಕ ಮಂಡಳಿ ಬೇಕು

ಕೋಲಾರದಲ್ಲಿ ಕೆಲಸ ಸಿಗುವುದಿಲ್ಲ ಅನ್ನೋ ಮಾತು ಹಳೆಯದಾಯಿತು. ಬೆಳಗಿನ ಜಾವ ನರಸಾಪುರದ ಹೆದ್ದಾರಿ ಪಕ್ಕ ನಿಂತರೆ ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಹೋಂಡಾದವರ ಸ್ಕೂಟರ್ ಕಾರ್ಖಾನೆ 2013ರಲ್ಲೇ ಅಲ್ಲಿ ಶುರುವಾಯಿತು. ಐಫೋನ್ ಜೋಡಿಸುವ ಕಾರ್ಖಾನೆಯೂ ಅಲ್ಲೇ ಇದೆ. ವೇಮಗಲ್, ಮಾಲೂರು ಕಡೆಯೂ ಶೆಡ್ಡುಗಳು ಏಳುತ್ತಲೇ ಇವೆ. ಊರಿಗೆ ಫೋನ್ ಮಾಡಿದರೆ ಮೊದಲಿನ ಹಾಗೆ 'ಹುಡುಗನಿಗೆ ಎಲ್ಲಾದರೂ ಕೆಲಸ ನೋಡಪ್ಪ' ಅಂತ ಯಾರೂ ಕೇಳುವುದಿಲ್ಲ. 'ಸೇರಿಕೊಂಡಿದ್ದಾನೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೋ' ಅನ್ನುತ್ತಾರೆ.

ಈ ಎರಡನೇ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಯಾರ ಬಳಿಯೂ ಉತ್ತರ ಇಲ್ಲ. ಶಾಸಕರು ಉದ್ಯೋಗ ಮೇಳ ಮಾಡುತ್ತಾರೆ. ಸರ್ಕಾರ ಕೌಶಲ್ಯ ತರಬೇತಿ ಕೊಡುತ್ತದೆ. ಕಂಪನಿಗಳು ಸಾವಿರ ಸಾವಿರ ಜನರನ್ನು ತೆಗೆದುಕೊಳ್ಳುತ್ತವೆ. ಆದರೆ ದುಡಿಯುವವರಿಗೂ ದುಡಿಸಿಕೊಳ್ಳುವವರಿಗೂ ನಡುವೆ ನಿಂತಿರುವುದು ಲೇಬರ್ ಕಂಟ್ರ್ಯಾಕ್ಟರ್ ಒಬ್ಬನೇ. ಆ ಜಾಗದಲ್ಲಿ ಒಂದು ಕಾರ್ಮಿಕ ಮಂಡಳಿ ನಿಲ್ಲಬೇಕು ಅನ್ನುವುದು ನನ್ನ ವಾದ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಅಂಥ ಮಂಡಳಿ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದನ್ನು ಪುಣೆಯಲ್ಲಿ ದಿನವೂ ನೋಡುತ್ತಿದ್ದೇನೆ.

ನಾನು ವೇಮಗಲ್ ಕಡೆಯವನು. ಪುಣೆಗೆ ಬಂದು ಬಹಳ ವರ್ಷಗಳಾದವು. ಇಲ್ಲಿನ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ದವಸ ವ್ಯಾಪಾರಿಗಳಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳು ತಿಂಗಳು ನನ್ನ ಕೈಯಿಂದ ಹೋಗುವ ಕಾಗದಗಳಲ್ಲಿ ಮಾಥಾಡಿ ಬೋರ್ಡಿಗೆ ಕಟ್ಟುವ ಹಣದ ಚಲನ್ನೂ ಒಂದು.

ಮಾಥಾಡಿ ಅಂದರೆ ಇಲ್ಲಿ ತಲೆಹೊರೆಯವರು, ಮೂಟೆ ಇಳಿಸಿ ಏರಿಸುವವರು. ಸಾತಾರಾ ಕಡೆಯ ಬೆಟ್ಟದ ಹಳ್ಳಿಗಳಿಂದ ಮುಂಬೈ ಮಾರುಕಟ್ಟೆಗಳಿಗೆ ಬಂದು ಬೆನ್ನು ಸವೆಸಿದವರು ಇವರಲ್ಲಿ ಜಾಸ್ತಿ. ಅಣ್ಣಾಸಾಹೇಬ್ ಪಾಟೀಲರು ಅವರನ್ನು ಒಗ್ಗೂಡಿಸಿದರು. ಇತ್ತ ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲ ಪಂಚಾಯತ್ ಕಟ್ಟಿದರು. ಬಂದರಿನ ಕೂಲಿಗಳಿಗೆ 1948ರಲ್ಲೇ ಒಂದು ಕೇಂದ್ರ ಕಾನೂನು ಬಂದಿತ್ತು. ಅದೇ ರೀತಿಯ ಏರ್ಪಾಡನ್ನು ಮಹಾರಾಷ್ಟ್ರ 1969ರಲ್ಲಿ ಮಾರುಕಟ್ಟೆ, ಗೋದಾಮು, ಕಾರ್ಖಾನೆಗಳ ಹಮಾಲರಿಗೂ ತಂದಿತು. ಅದನ್ನೇ ಎಲ್ಲರೂ ಮಾಥಾಡಿ ಕಾಯ್ದೆ ಅನ್ನುವುದು.

ಇದು ನಡೆಯುವ ರೀತಿ ಸರಳ. ಬೋರ್ಡಿನಲ್ಲಿ ಸರ್ಕಾರದವರು, ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಮೂವರೂ ಇರುತ್ತಾರೆ. ವ್ಯಾಪಾರಿಯೂ ಹೆಸರು ನೋಂದಾಯಿಸಬೇಕು, ಹಮಾಲನೂ ನೋಂದಾಯಿಸಬೇಕು. ಹಮಾಲರದು ಒಂದೊಂದು ಟೋಳಿ, ಅಂದರೆ ಗುಂಪು. ಗುಂಪಿಗೊಬ್ಬ ಮುಕಾದಮ. ಲಾರಿ ಬಂತು, ಟೋಳಿ ಮೂಟೆ ಇಳಿಸಿತು, ಎಷ್ಟು ಮೂಟೆ ಅಂತ ಚೀಟಿ ಆಯಿತು. ಒಂದು ಮೂಟೆಗೆ ಎಷ್ಟು ಅನ್ನುವ ದರ ಮೊದಲೇ ಮಾತಾಗಿರುತ್ತದೆ. ಅಲ್ಲಿ ನಿಂತು ಚೌಕಾಸಿ ಮಾಡುವ ಹಾಗಿಲ್ಲ. ವ್ಯಾಪಾರಿ ಆ ಕೂಲಿಯನ್ನು ಹಮಾಲನ ಕೈಗೆ ಕೊಡುವುದಿಲ್ಲ, ಬೋರ್ಡಿಗೆ ಕಟ್ಟುತ್ತಾನೆ. ಕೂಲಿಯ ಮೇಲೆ ಲೆವಿ ಅಂತ ಇನ್ನಷ್ಟು ಸೇರಿಸಿ ಕಟ್ಟುತ್ತಾನೆ. ಲೆವಿ ಎಷ್ಟು ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ನೂರು ರೂಪಾಯಿ ಕೂಲಿಗೆ ಮೂವತ್ತು ರೂಪಾಯಿಗೂ ಜಾಸ್ತಿ ಲೆವಿ ಇರುವ ಬೋರ್ಡುಗಳಿವೆ. ಬೋರ್ಡು ಕೂಲಿಯನ್ನು ಹಮಾಲನ ಬ್ಯಾಂಕ್ ಖಾತೆಗೆ ಹಾಕುತ್ತದೆ. ಲೆವಿ ಹಣದಲ್ಲಿ ಪಿಎಫ್, ಗ್ರಾಚ್ಯುಟಿ, ಬೋನಸ್, ರಜೆ ಸಂಬಳ, ಔಷಧೋಪಚಾರ, ಪೆಟ್ಟಾದರೆ ಪರಿಹಾರ ಎಲ್ಲವನ್ನೂ ನೋಡಿಕೊಳ್ಳುತ್ತದೆ.

ಇದರಿಂದ ಏನಾಯಿತು ಅಂದರೆ, ಒಬ್ಬ ಹಮಾಲ ದಿನಕ್ಕೆ ನಾಲ್ಕು ಅಂಗಡಿಯ ಮೂಟೆ ಹೊತ್ತರೂ ಅವನ ದುಡಿಮೆಯೆಲ್ಲ ಒಂದೇ ಕಡೆ ಲೆಕ್ಕಕ್ಕೆ ಬರುತ್ತದೆ. ಅಂಗಡಿ ಮುಚ್ಚಬಹುದು, ವ್ಯಾಪಾರಿ ಸಾಯಬಹುದು, ಅವನ ಸರ್ವಿಸ್ ಮಾತ್ರ ತುಂಡಾಗುವುದಿಲ್ಲ. ಓದು ಬರಹ ಕಡಿಮೆ ಇರುವ ಮನುಷ್ಯನಿಗೆ ತಿಂಗಳ ಸಂಬಳದವನ ಭದ್ರತೆ ಸಿಗುತ್ತದೆ. ಬ್ಯಾಂಕಿನವರು ಮನೆ ಸಾಲ ಕೊಡುತ್ತಾರೆ. ಮಕ್ಕಳನ್ನು ಡಿಪ್ಲೊಮಾ ಓದಿಸಿದ ಮುಕಾದಮರನ್ನು ನಾನು ಬಲ್ಲೆ.

ಈಗ ಕೋಲಾರದ ಎಪಿಎಂಸಿ ನೋಡಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ನಮ್ಮದೂ ಒಂದು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದ್ದೇ. ಸೀಸನ್ನಿನಲ್ಲಿ ಹದಿನೈದು ಕೆಜಿ ಬಾಕ್ಸುಗಳು ಗುಡ್ಡ ಬಿದ್ದಿರುತ್ತವೆ. ಹರಾಜು ಕೂಗುವವರು, ಹಣ್ಣು ಆರಿಸುವವರು, ಬಾಕ್ಸ್ ಹೊರುವವರು, ಲಾರಿ ತುಂಬುವವರು ಹಗಲು ರಾತ್ರಿ ದುಡಿಯುತ್ತಾರೆ. ಇತ್ತೀಚೆಗೆ ಅವರಲ್ಲಿ ಉತ್ತರದ ರಾಜ್ಯಗಳಿಂದ ಬಂದ ಹುಡುಗರೂ ಇದ್ದಾರೆ. ನಾಳೆ ಒಬ್ಬನ ಬೆನ್ನುಮೂಳೆ ಜಾರಿದರೆ ಅವನಿಗೆ ಯಾರಿದ್ದಾರೆ? ಮಂಡಿ ಮಾಲೀಕ ಒಳ್ಳೆಯವನಾದರೆ ಒಂದಿಷ್ಟು ಕೊಡಬಹುದು. ಕರ್ನಾಟಕದಲ್ಲಿ ಹಮಾಲರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅನ್ನೋ ಯೋಜನೆ ಇದೆ. ಸ್ಮಾರ್ಟ್ ಕಾರ್ಡ್ ಕೊಡುತ್ತಾರೆ, ಅಪಘಾತದಲ್ಲಿ ಸತ್ತರೆ ಪರಿಹಾರವೂ ಉಂಟು. ಬೇಡ ಅನ್ನುವುದಿಲ್ಲ. ಆದರೆ ಅದು ಸರ್ಕಾರ ಕೊಡುವ ನೆರವು. ಯಾರ ಲಾಭಕ್ಕೆ ಅವನು ಬೆನ್ನು ಬಗ್ಗಿಸಿದನೋ ಅವರು ಮೂಟೆ ಲೆಕ್ಕದಲ್ಲಿ ಕಟ್ಟುವ ಪಾಲು ಅದರಲ್ಲಿಲ್ಲ. ಕೂಲಿಯೂ ಅದರ ಮೂಲಕ ಬರುವುದಿಲ್ಲ. ಪುಣೆಯ ಹಮಾಲನಿಗೂ ಕೋಲಾರದ ಹಮಾಲನಿಗೂ ಇರುವ ವ್ಯತ್ಯಾಸ ಇದೇ.

ಕಾರ್ಖಾನೆಗಳ ವಿಷಯ ಇದಕ್ಕಿಂತ ದೊಡ್ಡದು. 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದ ಗಲಾಟೆ ಎಲ್ಲರಿಗೂ ನೆನಪಿದೆ. ಗಾಜು ಒಡೆದರು, ಗಾಡಿಗಳಿಗೆ ಬೆಂಕಿ ಹಚ್ಚಿದರು. ಆ ವಿಡಿಯೊ ಇಲ್ಲಿ ಪುಣೆಯಲ್ಲೂ ಹರಿದಾಡಿತು. 'ನಿಮ್ಮ ಊರಲ್ವಾ ಇದು' ಅಂತ ಗೊತ್ತಿದ್ದವರೆಲ್ಲ ಕೇಳಿದರು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಮೇಲೆ ಹೊರಬಂದ ವಿಷಯಗಳನ್ನು ನಾವು ಬೇಗ ಮರೆತೆವು. ಅಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಕೆಲವೇ ತಿಂಗಳಲ್ಲಿ ಜನರ ಸಂಖ್ಯೆ ಏಕಾಏಕಿ ಏರಿತ್ತು. ಹನ್ನೆರಡು ಗಂಟೆಯ ಶಿಫ್ಟ್ ಬಂದಿತ್ತು. ಹೇಳಿದ ಸಂಬಳವೇ ಬೇರೆ, ಖಾತೆಗೆ ಬಂದದ್ದೇ ಬೇರೆ ಅಂತ ಹುಡುಗರು ದೂರುತ್ತಿದ್ದರು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರ ಅಕ್ಟೋಬರ್‌ನಲ್ಲಿ ಆ ಕಾರ್ಖಾನೆ ಟಾಟಾದವರಿಗೆ ಹೋಗುವುದು ತೀರ್ಮಾನವಾಯಿತು.

ಅವತ್ತು ಅಲ್ಲಿದ್ದ ಹುಡುಗನಿಗೆ ತನ್ನ ಸಂಬಳದ ಬಗ್ಗೆ ಯಾರನ್ನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಕಂಪನಿಯ ಎಚ್‌ಆರ್ 'ಏಜೆನ್ಸಿಯವರನ್ನು ಕೇಳಿ' ಅನ್ನುತ್ತಾರೆ. ಏಜೆನ್ಸಿಯವನು 'ಕಂಪನಿ ಬಿಲ್ ಪಾಸ್ ಮಾಡಿಲ್ಲ' ಅನ್ನುತ್ತಾನೆ. ಜಿಲ್ಲಾ ಕಾರ್ಮಿಕ ಇಲಾಖೆಗೆ ಹೋಗಬೇಕು ಅಂದರೆ ಒಂದು ದಿನದ ಸಂಬಳ ಹೋಗುತ್ತದೆ. ಸಿಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದನ್ನು ಹೇಳಿಕೊಳ್ಳುವ ಜಾಗ ಇರಲಿಲ್ಲ. ಬೋರ್ಡು ಇದ್ದಿದ್ದರೆ, ಸಂಬಳ ಬೋರ್ಡಿನ ಮೂಲಕ ಹೋಗುತ್ತಿದ್ದರೆ, ಹಣ ಎಲ್ಲಿ ನಿಂತಿದೆ ಅಂತ ಮೊದಲ ತಿಂಗಳೇ ಗೊತ್ತಾಗುತ್ತಿತ್ತು.

ನನ್ನ ಅಕ್ಕನ ಮಗಳು ಅದೇ ಕೈಗಾರಿಕಾ ಪ್ರದೇಶದ ಬೇರೊಂದು ಕಡೆ ದುಡಿಯುತ್ತಾಳೆ. ಪಿಯುಸಿ ಮುಗಿಸಿ ಸೇರಿದವಳು. ಒಂದು ಏಜೆನ್ಸಿಯ ಹೆಸರಲ್ಲಿ ಹನ್ನೊಂದು ತಿಂಗಳು ದುಡಿದಳು. ಆಮೇಲೆ ಬ್ರೇಕ್ ಕೊಟ್ಟರು. ಸ್ವಲ್ಪ ದಿನ ಬಿಟ್ಟು ಇನ್ನೊಂದು ಏಜೆನ್ಸಿಯ ಹೆಸರಲ್ಲಿ ಅದೇ ಲೈನಿಗೆ, ಅದೇ ಮೇಜಿಗೆ ವಾಪಸ್ ಕರೆದರು. ಹೊಸ ಗೇಟ್ ಪಾಸ್, ಹೊಸ ನಂಬರು. 'ಮಾಮ, ನಾನು ಹೊಸಬಳಂತೆ, ನನಗೆ ಮತ್ತೆ ಟ್ರೈನಿಂಗ್ ಸಂಬಳವಂತೆ' ಅಂದಳು. ಅವಳ ಕೈಕೆಳಗೆ ಕಲಿತ ಹುಡುಗಿಯರಿಗೆ ಅವಳಿಗಿಂತ ಜಾಸ್ತಿ ಬರುತ್ತಿತ್ತು. ಪಿಎಫ್ ನಂಬರು ಎರಡಾಗಿ, ಅದನ್ನು ಒಂದು ಮಾಡಿಸಲು ಪಟ್ಟ ಪಾಡು ಬೇರೆ.

ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಇಂತಿಷ್ಟು ಅವಧಿಗೆ ಅಂತ ನೇಮಿಸಿದವರಿಗೂ ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಸಿಗಬೇಕು. ಒಳ್ಳೆಯ ಮಾತೇ. ಆದರೆ ಹನ್ನೊಂದು ತಿಂಗಳಿಗೆ ಬ್ರೇಕ್ ಕೊಡುವ ಕಡೆ ಒಂದು ವರ್ಷ ಆಗುವುದಾದರೂ ಯಾವಾಗ? ಕಾನೂನು ಒಬ್ಬ ಮಾಲೀಕನ ಬಳಿ ಎಷ್ಟು ದಿನ ಇದ್ದೆ ಅಂತ ಎಣಿಸುವವರೆಗೂ ಈ ಕಿಂಡಿ ಮುಚ್ಚುವುದಿಲ್ಲ. ಮಾಥಾಡಿ ಬೋರ್ಡು ಎಣಿಸುವುದು ಕಾರ್ಮಿಕನ ದುಡಿಮೆಯನ್ನು. ಯಾರ ಬಳಿ ದುಡಿದ ಅನ್ನುವುದು ಅದಕ್ಕೆ ಲೆಕ್ಕದ ಒಂದು ಸಾಲು ಅಷ್ಟೇ.

ಇನ್ನು ಕೌಶಲ್ಯದ ಮಾತು. ನಮ್ಮ ಹುಡುಗರಿಗೆ ಕೌಶಲ್ಯ ಇಲ್ಲ ಅಂತ ಉದ್ಯಮದವರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಕಲಿಸುವವರು ಯಾರು? ಗುತ್ತಿಗೆ ಹುಡುಗ ತನ್ನವನಲ್ಲ ಅಂತ ಕಂಪನಿ ಕಲಿಸುವುದಿಲ್ಲ. ತನಗೆ ಸಿಗುವುದು ತಲೆಗಿಷ್ಟು ಕಮಿಷನ್, ಅದರಲ್ಲಿ ಕಲಿಸಲು ಖರ್ಚು ಮಾಡಿದರೆ ಗಿಟ್ಟುವುದಿಲ್ಲ ಅಂತ ಏಜೆನ್ಸಿ ಕಲಿಸುವುದಿಲ್ಲ. ಹನ್ನೊಂದು ತಿಂಗಳಿಗೆ ಮನೆಗೆ ಕಳಿಸುತ್ತಾರೆ ಅಂತ ಗೊತ್ತಿರುವ ಹುಡುಗ ತಾನಾಗಿ ಕಲಿಯುವ ಮನಸ್ಸು ಮಾಡುವುದಿಲ್ಲ. ಮೂವರಲ್ಲಿ ಯಾರ ತಪ್ಪೂ ಇಲ್ಲ ಅನ್ನಬಹುದು. ಏರ್ಪಾಡೇ ಹಾಗಿದೆ. ಕೂಲಿಯ ಭದ್ರತೆ ಬೇರೆ, ಕೌಶಲ್ಯ ಬೇರೆ ಅಂತ ನಾವು ಎರಡು ಇಲಾಖೆ ಮಾಡಿಕೊಂಡಿದ್ದೇವೆ. ನನ್ನ ಪ್ರಕಾರ ಎರಡೂ ಒಂದೇ ಗಂಟು. ದುಡಿಮೆ ಮುಂದುವರಿಯುತ್ತದೆ ಅನ್ನುವ ಖಾತ್ರಿ ಇದ್ದರೆ ಮಾತ್ರ ಕಲಿಸುವವನಿಗೂ ಕಲಿಯುವವನಿಗೂ ಅರ್ಥ ಇರುತ್ತದೆ.

ಕಲಿಕೆಯನ್ನು ಯಾರೂ ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೆಜಿಎಫ್ ಇದೆ. 2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದಲ್ಲಿ ಪಂಪು ನಡೆಸಿದವರು, ವೈಂಡಿಂಗ್ ಎಂಜಿನ್ ನೋಡಿಕೊಂಡವರು, ಬಂಡೆಯ ಸದ್ದು ಕೇಳಿ ಅಪಾಯ ಹೇಳುತ್ತಿದ್ದವರು ಅಲ್ಲಿದ್ದರು. ಅಂಥ ಕೈಗಳು ದೇಶದಲ್ಲಿ ಬೇರೆಲ್ಲೂ ಅಷ್ಟು ಸಿಗುತ್ತಿರಲಿಲ್ಲ. ಅವರ ಕಸುಬಿಗೆ ಹೊರಗಿನ ಕಾರ್ಖಾನೆ ಓದಬಲ್ಲ ಒಂದು ಕಾಗದ ಇರಲಿಲ್ಲ. ಅವರೂ ಅವರ ಮಕ್ಕಳೂ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಹೋದರು. ಎಷ್ಟೋ ಜನ ಸೆಕ್ಯೂರಿಟಿ ಗಾರ್ಡ್ ಆದರು, ಹೌಸ್‌ಕೀಪಿಂಗ್ ಸೇರಿದರು. ಆ ರೈಲು ಈಗಲೂ ತುಂಬಿಕೊಂಡೇ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಸೆಕ್ಯೂರಿಟಿ ಗಾರ್ಡ್‌ಗಳಿಗೂ ಮಾಥಾಡಿ ಮಾದರಿಯ ಬೋರ್ಡು ಇದೆ, 1981ರ ಕಾನೂನು. ಎಲ್ಲ ಗಾರ್ಡ್‌ಗಳೂ ಅದರೊಳಗಿಲ್ಲ, ಖಾಸಗಿ ಏಜೆನ್ಸಿಗಳೂ ಬೇಕಾದಷ್ಟಿವೆ. ಬೋರ್ಡಿನ ಗಾರ್ಡ್ ಆದವನಿಗೆ ಮಾತ್ರ ಪಿಎಫ್ ಕಟ್ಟಿದ್ದಾರೋ ಇಲ್ಲವೋ ಅನ್ನುವ ಚಿಂತೆ ಇರುವುದಿಲ್ಲ.

ಯುವಕರಿಗೆ ಹಣ ಕೊಡುವ ವಿಷಯದಲ್ಲಿ ಎರಡು ರಾಜ್ಯಗಳ ದಾರಿ ಬೇರೆ. ಕರ್ನಾಟಕದ ಯುವನಿಧಿಯಲ್ಲಿ ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಮಹಾರಾಷ್ಟ್ರ 2024ರಲ್ಲಿ ಬೇರೆ ರೀತಿ ಮಾಡಿತು. ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಆರು ತಿಂಗಳು ಕೆಲಸ ಕಲಿಯಿರಿ, ಹನ್ನೆರಡನೇ ತರಗತಿ ಆದವರಿಗೆ 6,000, ಐಟಿಐ ಮತ್ತು ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಸರ್ಕಾರ ಕೊಡುತ್ತದೆ ಅಂದಿತು. ಕೆಲಸದ ಜಾಗದಲ್ಲಿ ಕಲಿಸುವುದು ನನಗೆ ಹಿಡಿಸಿತು. ಆದರೆ ಅವಧಿ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯೋಚಿಸಿರಲಿಲ್ಲ. ತರಬೇತಿ ಮುಗಿಸಿದ ಹುಡುಗರು ಬೀದಿಗೆ ಬಂದು ಧರಣಿ ಕೂತರು. ಕೈಯಲ್ಲಿ ಒಂದು ಪ್ರಮಾಣಪತ್ರ, ಅದನ್ನು ಕೇಳುವವರಿಲ್ಲ. ಯುವನಿಧಿಯನ್ನು ನಾನು ಬಿಟ್ಟಿ ಅನ್ನುವುದಿಲ್ಲ, ಕೆಲಸ ಹುಡುಕಲು ಬಸ್ ಚಾರ್ಜು, ಊಟ ಬೇಕಲ್ವಾ. ಆದರೆ ಆ ಹಣದ ಜೊತೆ ಒಂದು ಕೆಲಸದ ಜಾಗವೂ, ಕಲಿತದ್ದು ದಾಖಲಾಗುವ ಒಂದು ಪುಸ್ತಕವೂ ಸಿಕ್ಕರೆ ಅದರ ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಅಂಥ ಕಲಿಕೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಇದೆ. ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡುವವರು ಕೊನೆಯ ವರ್ಷ ಪೂರ್ತಿ ಕಾರ್ಖಾನೆಯೊಳಗೇ ಇರುತ್ತಾರೆ. ಅಲ್ಲಿ ಕಲಿತವರನ್ನು ಪುಣೆಯ ಚಾಕಣ ಕಡೆಯ ಕಂಪನಿಗಳೂ ಕರೆದು ಕೆಲಸ ಕೊಡುತ್ತವೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನೂ ತಂದಿದ್ದಾರೆ. ಯಂತ್ರ ಬಂದಿದೆ, ಕಲಿಯುವ ಮಕ್ಕಳಿದ್ದಾರೆ. ಪಕ್ಕದ ಹೆದ್ದಾರಿಯಲ್ಲೇ ಕಾರ್ಖಾನೆ ಇದೆ. ಈ ಮೂರನ್ನೂ ಕಟ್ಟುವ ಹಗ್ಗ ಇಲ್ಲ. ಉದ್ಯೋಗ ವಿನಿಮಯ ಕಚೇರಿ ಆ ಕೆಲಸ ಮಾಡಬೇಕಿತ್ತು. 25 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಕಂಪನಿಯೂ ಖಾಲಿ ಹುದ್ದೆಯನ್ನು ಅಲ್ಲಿಗೆ ತಿಳಿಸಬೇಕು ಅಂತ 1959ರ ಕಾನೂನು ಹೇಳಿತ್ತು. ಆದರೆ ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕು ಅಂತ ಹೇಳಿರಲಿಲ್ಲ. ಹಾಗಾಗಿ ತಿಳಿಸುವುದೂ ನಿಂತಿತು. ಹೆಸರು ಬರೆಸಿ ಕಾಯುವವರೂ ಕಡಿಮೆಯಾದರು.

ಸ್ಥಳೀಯರಿಗೆ ಮೀಸಲು ಅನ್ನುವ ಮಾತನ್ನು ಇಲ್ಲಿ ಹೇಳಲೇಬೇಕು. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಆಡಳಿತದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಿ ಅಂದ ಸರೋಜಿನಿ ಮಹಿಷಿ ಸಮಿತಿಯ ಕಾಲದಿಂದ ನಾವು ಕೇಳುತ್ತಿರುವುದು ಇದನ್ನೇ. ಹರಿಯಾಣದ ಶೇ 75ರ ಕಾನೂನನ್ನು 2023ರಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದೆ. ಮಹಾರಾಷ್ಟ್ರದಲ್ಲಿ ಸರ್ಕಾರದ ರಿಯಾಯಿತಿ ಪಡೆದ ಕೈಗಾರಿಕೆಗಳು ಶೇ 80 ಸ್ಥಳೀಯರನ್ನು ತೆಗೆದುಕೊಳ್ಳಬೇಕು ಅನ್ನುವ ನಿಯಮ ದಶಕಗಳಿಂದ ಇದೆ. ಆದರೂ ಸ್ಥಳೀಯರಿಗೆ ಕೆಲಸ ಸಿಗುತ್ತಿಲ್ಲ ಅನ್ನುವ ಕೂಗು ಇಲ್ಲಿಯೂ ನಿಂತಿಲ್ಲ. ನಾನು ಈ ಊರಿನಲ್ಲಿ ಹೊರಗಿನವನು. ಕನ್ನಡಿಗ ಅನ್ನೋ ಕಾರಣಕ್ಕೆ ನನ್ನನ್ನು ಇಲ್ಲಿ ಬೇಡ ಅಂದಿದ್ದರೆ ನನ್ನ ಮಕ್ಕಳ ಓದು ನಿಲ್ಲುತ್ತಿತ್ತು. ಹಾಗಂತ ಜಮೀನು ಕೊಟ್ಟ ವೇಮಗಲ್‌ನವನ ಮಗನಿಗೆ ಪಕ್ಕದ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಮೊದಲು ಕೆಲಸವೇ ಗಟ್ಟಿಯಾಗಲಿ. ಹನ್ನೊಂದು ತಿಂಗಳ ಕೆಲಸದಲ್ಲಿ ಶೇ 70 ಪಾಲು ಪಡೆದು ಮಾಡುವುದೇನು? ಗುತ್ತಿಗೆ ಕೆಲಸಕ್ಕೂ ಒಂದೇ ಕೂಲಿ, ಒಂದೇ ಲೆವಿ ಅಂತಾದರೆ ದೂರದಿಂದ ಕಡಿಮೆ ಕೂಲಿಗೆ ಹುಡುಗರನ್ನು ತುಂಬಿಕೊಂಡು ಬರುವ ಲಾಭ ಏಜೆನ್ಸಿಗೆ ತಪ್ಪುತ್ತದೆ. ಪಕ್ಕದ ಹಳ್ಳಿಯವನು ತಾನಾಗಿ ಮುಂದೆ ಬರುತ್ತಾನೆ. ಬಿಹಾರದಿಂದ ಬಂದವನಿಗೂ ಮೋಸ ಆಗುವುದಿಲ್ಲ.

ಮಾಥಾಡಿ ಬೋರ್ಡು ಎಲ್ಲ ಸರಿಯಾಗಿದೆ ಅಂತ ನಾನು ಹೇಳಿದರೆ ಪುಣೆಯ ನನ್ನ ಸಹೋದ್ಯೋಗಿಗಳೇ ನಂಬುವುದಿಲ್ಲ. ಮಾಥಾಡಿ ಹೆಸರು ಹೇಳಿಕೊಂಡು ಕಾರ್ಖಾನೆಗಳ ಬಾಗಿಲಲ್ಲಿ ಸುಲಿಗೆ ಮಾಡುವ ಗುಂಪುಗಳು ಹುಟ್ಟಿವೆ. ಯಂತ್ರವೇ ಲಾರಿ ಇಳಿಸಿದರೂ ನಮಗೆ ಕೂಲಿ ಕೊಡಿ ಅಂತ ಪೀಡಿಸುವವರಿದ್ದಾರೆ. ಉದ್ಯಮಿಗಳು ದೂರು ಕೊಡುತ್ತಾರೆ. ನಿಜವಾದ ಹಮಾಲರ ಸಂಘಟನೆಗಳೇ ಇಂಥವರನ್ನು ಹಿಡಿಯಿರಿ ಅನ್ನುತ್ತವೆ. ಟೋಳಿಗೆ ಹೊಸಬ ಸೇರುವುದು ಕಷ್ಟ, ಮುಕಾದಮನ ಕಡೆಯವನಾಗಿರಬೇಕು. ಟೋಳಿಗಳಲ್ಲಿ ಇರುವವರು ಹೆಚ್ಚಾಗಿ ಗಂಡಸರೇ. ಧಾನ್ಯ ಹಸನು ಮಾಡುವ ಹೆಂಗಸರು ಅದೇ ಅಂಗಳದಲ್ಲಿ ಕೂತಿದ್ದರೂ ಆ ಭದ್ರತೆ ಎಲ್ಲರಿಗೂ ಸಿಕ್ಕಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಬೇರೆ. ಇಷ್ಟು ವರ್ಷ ಲೆವಿ ಕೂಡಿಸಿದ ಬೋರ್ಡುಗಳು, ನಾನು ನೋಡಿದ ಮಟ್ಟಿಗೆ, ಹಮಾಲನಿಗೆ ಹೊಸದೇನನ್ನೂ ಕಲಿಸಲಿಲ್ಲ. ಗೋದಾಮಿಗೆ ಫೋರ್ಕ್‌ಲಿಫ್ಟ್ ಬಂತು. ಅದನ್ನು ನಡೆಸಲು ಹೊರಗಿನ ಹುಡುಗ ಬಂದ. ನಲವತ್ತು ದಾಟಿದ ಹಮಾಲ ಗೋಡೆಗೆ ಒರಗಿ ನೋಡುತ್ತಾ ನಿಂತ. ಅವನಿಗೇ ಅದನ್ನು ಕಲಿಸಿದ್ದರೆ ಇವತ್ತಿನ ಅರ್ಧ ಜಗಳ ಇರುತ್ತಿರಲಿಲ್ಲ.

ಹಾಗಾಗಿ ಕೋಲಾರದಲ್ಲಿ ಮಾಡುವಾಗ ಇದನ್ನು ತಿದ್ದಿಯೇ ಮಾಡಬೇಕು. ಎಪಿಎಂಸಿ ಹಮಾಲರು ಮತ್ತು ಹಣ್ಣು ಆರಿಸುವ ಹೆಂಗಸರಿಂದ ಶುರು ಮಾಡೋಣ. ಅಲ್ಲಿ ಬಾಕ್ಸಿನ ಲೆಕ್ಕ ಹೇಗೂ ಇದೆ. ಬಾಕ್ಸಿಗಿಷ್ಟು ಅಂತ ಲೆವಿ ಹಾಕುವುದು ಸುಲಭ. ಅದನ್ನು ರೈತನ ಮಾರಾಟದ ಪಟ್ಟಿಯಲ್ಲಿ ಕಳೆಯದ ಹಾಗೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಡವನ ಭದ್ರತೆಗೆ ಇನ್ನೊಬ್ಬ ಬಡವ ದುಡ್ಡು ಕೊಟ್ಟ ಹಾಗಾಗುತ್ತದೆ. ಆಮೇಲೆ ನರಸಾಪುರ, ವೇಮಗಲ್, ಮಾಲೂರಿನ ಗುತ್ತಿಗೆ ಕಾರ್ಮಿಕರು. ಪ್ರತಿಯೊಬ್ಬರಿಗೂ ಮಂಡಳಿಯದೇ ಒಂದು ನಂಬರು. ಏಜೆನ್ಸಿ ಬದಲಾದರೂ, ಕಂಪನಿ ಬದಲಾದರೂ ನಂಬರು ಅದೇ, ಸರ್ವಿಸ್ ಅದೇ. ಸಂಬಳ ಮಂಡಳಿಯ ಖಾತೆಯ ಮೂಲಕ. ಲೆವಿಯಲ್ಲಿ ಒಂದು ಪಾಲು ಕಲಿಕೆಗೆ ಮಾತ್ರ. ಆ ಹಣ ಐಟಿಐಗೆ, ಜಿಟಿಟಿಸಿಗೆ ಹೋಗಬೇಕು. ಲೈನಿನಲ್ಲಿ ಕಲಿತ ಕಸುಬನ್ನು ಅವರು ಪರೀಕ್ಷೆ ಮಾಡಿ ಅದೇ ನಂಬರಿನ ಮೇಲೆ ಬರೆಯಬೇಕು. ನನ್ನ ಅಕ್ಕನ ಮಗಳು ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಹಾಕುತ್ತಾಳೆ, ಸರಿಯಿಲ್ಲದ್ದನ್ನು ನೋಡಿದ ಕೂಡಲೇ ಹೇಳುತ್ತಾಳೆ. ಇವತ್ತಿನವರೆಗೂ ಅದು ಯಾವ ಕಾಗದದಲ್ಲೂ ಇಲ್ಲ. ಮಂಡಳಿಗೆ ಸೇರಲು ಯಾರ ಶಿಫಾರಸೂ ಬೇಕಾಗಬಾರದು. ಹದಿನೆಂಟು ತುಂಬಿದ, ಆ ಪ್ರದೇಶದಲ್ಲಿ ದುಡಿಯುವ ಯಾರೇ ಆದರೂ ಸೇರುವ ಹಾಗಿರಬೇಕು.

ಇದು ಕರ್ನಾಟಕಕ್ಕೆ ಹೊಸ ಮಾತಲ್ಲ. ಕಟ್ಟಡ ಕಾರ್ಮಿಕರಿಗಾಗಿ ಕಟ್ಟುವ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಮಾಡುವ ಮಂಡಳಿ ನಮ್ಮಲ್ಲಿ ಈಗಾಗಲೇ ಇದೆ. 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಮಾಡಿದೆವು. ಊಟ ತಲುಪಿಸುವ ಹುಡುಗನಿಗೆ ಪ್ರತಿ ವಹಿವಾಟಿನಲ್ಲಿ ಕೊಡುವ ಹಣದ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಪ್ರತಿಯೊಬ್ಬನಿಗೂ ಒಂದು ಗುರುತಿನ ನಂಬರು ಇರಬೇಕು ಅಂತ ಅದರಲ್ಲಿದೆ. ಬೆಂಗಳೂರಿನ ಬೈಕ್ ಹುಡುಗನಿಗೆ ಮಾಡಿದ್ದನ್ನು ನರಸಾಪುರದ ಲೈನಿನಲ್ಲಿ ನಿಂತ ಹುಡುಗಿಗೆ ಮಾಡಲು ಏನು ಅಡ್ಡಿ?

ಅಡ್ಡಿ ಏನು ಅಂತ ನನಗೆ ಗೊತ್ತು. ಊರಿಗೆ ಹೋದಾಗ ಕೇಳಿದ್ದೇನೆ. 'ಹೀಗೆಲ್ಲ ಮಾಡಿದರೆ ಕಂಪನಿಗಳು ಹೊಸೂರಿಗೆ ಹೋಗುತ್ತವೆ ಕಣಣ್ಣ' ಅನ್ನುತ್ತಾರೆ. ಮಾಲೂರಿನ ಪಕ್ಕದಲ್ಲೇ ಹೊಸೂರು, ಹೆದರಿಕೆ ಸಹಜ. ಆದರೆ ಹೊಸೂರು ಇರುವ ತಮಿಳುನಾಡಿನಲ್ಲಿ ಎರಡು ವರ್ಷದಲ್ಲಿ 480 ದಿನ ದುಡಿದವನನ್ನು ಕಾಯಂ ಮಾಡಬೇಕು ಅಂತ 1981ರಲ್ಲೇ ಕಾನೂನು ಬಂದಿದೆ. ಎಲ್ಲ ಕಡೆ ಪಾಲನೆ ಆಗುವುದಿಲ್ಲ, ಆದರೆ ಕೋರ್ಟಿನಲ್ಲಿ ಹಿಡಿದು ನಿಲ್ಲಲು ಅದೊಂದು ಆಧಾರ. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯ ಹುಡುಗಿಯರು 2021ರ ಡಿಸೆಂಬರ್‌ನಲ್ಲಿ ಹಾಸ್ಟೆಲ್ ಊಟದಿಂದ ಕಾಯಿಲೆ ಬಿದ್ದು ಹೆದ್ದಾರಿಯಲ್ಲಿ ಕೂತರು. ಆಮೇಲೆ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಅಂಥವರಿಗಾಗಿ ವಲ್ಲಂ ವಡಗಾಲ್‌ನಲ್ಲಿ 18,720 ಜನ ಇರಬಹುದಾದ ವಸತಿ ಕಟ್ಟಿತು, 2024ರ ಆಗಸ್ಟ್‌ನಲ್ಲಿ ಅದು ಶುರುವಾಯಿತು. ಅದೇ ವರ್ಷ ಸ್ಯಾಮ್‌ಸಂಗ್ ಕಾರ್ಮಿಕರು ಸಂಘ ಬೇಕು ಅಂತ ಒಂದು ತಿಂಗಳಿಗೂ ಹೆಚ್ಚು ಮುಷ್ಕರ ಮಾಡಿದರು, ಮುಂದೆ ಅವರ ಸಂಘ ನೋಂದಣಿಯೂ ಆಯಿತು. ಇಷ್ಟೆಲ್ಲ ಆದ ಮೇಲೂ ಅಲ್ಲಿಗೆ ಕಾರ್ಖಾನೆಗಳು ಬರುತ್ತಿವೆ. ಟಾಟಾದವರ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹೊಸೂರಿನ ಹತ್ತಿರವೇ ಇದೆ. ಮಹಾರಾಷ್ಟ್ರದಲ್ಲೂ ಅಷ್ಟೇ, ಮಾಥಾಡಿ ಕಾಯ್ದೆ ಇದೆ ಅಂತ ನವಿ ಮುಂಬೈನ ವಾಶಿಯ ಮಾರುಕಟ್ಟೆಯೂ ಮುಚ್ಚಲಿಲ್ಲ, ಚಾಕಣವೂ ಖಾಲಿಯಾಗಲಿಲ್ಲ. ಕಂಪನಿಗಳಿಗೆ ಬೇಕಾಗಿರುವುದು ರಸ್ತೆ, ನೀರು, ಕರೆಂಟು, ಬಂದರಿಗೆ ದಾರಿ ಮತ್ತು ಬಿಟ್ಟು ಹೋಗದ ಕೈಗಳು. ಇವುಗಳಲ್ಲಿ ಕೊನೆಯದನ್ನು ಕೊಡುವ ಏರ್ಪಾಡು ಯಾವ ಜಿಲ್ಲೆ ಮೊದಲು ಮಾಡಿಕೊಳ್ಳುತ್ತದೋ ಅಲ್ಲಿಗೆ ಅವು ಬಂದೇ ಬರುತ್ತವೆ. ಆ ಜಿಲ್ಲೆ ಕೋಲಾರ ಆಗಬೇಕಾದರೆ ಎಪಿಎಂಸಿ ಆಡಳಿತದವರು, ಮಂಡಿ ಮಾಲೀಕರು, ಹಮಾಲರ ಸಂಘದವರು ಮತ್ತು ಜಿಲ್ಲಾ ಕಾರ್ಮಿಕ ಅಧಿಕಾರಿ ಮುಂದಿನ ಟೊಮೆಟೊ ಸೀಸನ್ನಿಗೆ ಮೊದಲು ಒಂದೇ ಮೇಜಿನ ಸುತ್ತ ಕೂತು ಬಾಕ್ಸಿನ ಕೂಲಿ ಎಷ್ಟು, ಲೆವಿ ಎಷ್ಟು ಅಂತ ಬರೆಯಬೇಕು. ಅಷ್ಟು ಮಾಡಲು ವಿಧಾನಸೌಧದ ಮಸೂದೆಗಾಗಿ ಕಾಯಬೇಕಾಗಿಲ್ಲ.